ಘೋಡಗೇರಿಯ ರಾಗ, ನಗರದ ಕಂಠ

ಎಲ್ಲರಿಗೂ ನಮಸ್ಕಾರ.

ಸಿನಿಮಾ ಹಾಡು ಅಂದರೆ ಬರೆದವರು ಒಬ್ಬರು, ರಾಗ ಹಾಕಿದವರು ಇನ್ನೊಬ್ಬರು, ಚಿತ್ರ ತೆಗೆದವರು ಮತ್ತೊಬ್ಬರು. ಎಷ್ಟೋ ಸಲ ಟ್ಯೂನ್ ಮೊದಲು ಸಿದ್ಧವಾಗಿರುತ್ತದೆ, ಮಾತನ್ನು ಆಮೇಲೆ ಅದಕ್ಕೆ ಕೂರಿಸುತ್ತಾರೆ. 1979ರ ‘ಕಾಡು ಕುದುರೆ’ ಚಿತ್ರ ಹಾಗೆ ಆದದ್ದಲ್ಲ. ಕಥೆ ಚಂದ್ರಶೇಖರ ಕಂಬಾರರದು, ಹಾಡು ಅವರದು, ಸಂಗೀತ ಅವರದು, ನಿರ್ದೇಶನವೂ ಅವರದೇ. ತಾವೇ ಹಾಡಬಲ್ಲ ಆ ಕವಿ ಶೀರ್ಷಿಕೆಯ ಹಾಡನ್ನು ಮಾತ್ರ ನಮ್ಮ ಶಿವಮೊಗ್ಗ ಜಿಲ್ಲೆಯ ವಕೀಲರೊಬ್ಬರಿಗೆ ಒಪ್ಪಿಸಿದರು. ಈ ಸಂಜೆ ನಾನು ಮಾತಾಡಬೇಕೆಂದಿರುವುದು ಆ ಹಾಡಿನ ಬಗ್ಗೆ.

ಕಂಬಾರರ ಊರು ಬೆಳಗಾವಿ ಜಿಲ್ಲೆಯ ಘೋಡಗೇರಿ, ಘಟಪ್ರಭೆಯ ಸೀಮೆ. ಲಾವಣಿ, ಡೊಳ್ಳಿನ ಪದ, ಬಯಲಾಟ ಕೇಳುತ್ತಲೇ ಬೆಳೆದವರು. ‘ಹೇಳತೇನ ಕೇಳ’ ಕಾವ್ಯವನ್ನು ಅವರು ಓದುತ್ತಿರಲಿಲ್ಲ, ಹಾಡುತ್ತಿದ್ದರು. ಅವರ ಪದ್ಯ ಕಾಗದಕ್ಕೆ ಇಳಿಯುವ ಮೊದಲೇ ಗಂಟಲಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸಿದೆ. ಅದಕ್ಕೆ ಸಾಕ್ಷಿ ಈ ಹಾಡಿನ ಮೊದಲ ಸಾಲಿನಲ್ಲೇ ಇದೆ.

‘ಕಾಡು ಕುದುರೆ ಓಡಿ ಬಂದಿತ್ತ.’

ರಾಗ ಬಿಟ್ಟು, ಬರೀ ಮಾತ್ರೆ, ಅಂದರೆ ಅಕ್ಷರ ಹೇಳಲು ಹಿಡಿಯುವ ಕಾಲದ ಅಳತೆ, ಎಣಿಸಿ. ಒಂದು ಮಾತ್ರೆಯ ಅಕ್ಷರ ಲಘು, ಎರಡು ಮಾತ್ರೆಯದು ಗುರು. ಕಾಡು, ಮೂರು ಮಾತ್ರೆ. ಕುದುರೆ, ಮೂರು. ಓಡಿ, ಮೂರು. ಆಮೇಲೆ ‘ಬಂದಿತ್ತ’ ಅನ್ನುವಲ್ಲಿ ಐದು, ಹಾಡುವಾಗ ಇನ್ನೂ ಉದ್ದ. ಅದರಲ್ಲೂ ‘ಕಾಡು’, ‘ಓಡಿ’ ಎರಡರಲ್ಲೂ ಗುರುವಿನ ಮೇಲೆ ಊರಿ ಲಘುವಿಗೆ ಜಿಗಿಯಬೇಕು. ನಡುವಿನ ‘ಕುದುರೆ’ಯಲ್ಲಿ ಮೂರೂ ಲಘು, ಊರುವುದಕ್ಕೆ ಜಾಗವೇ ಇಲ್ಲ. ಕುದುರೆಯ ಓಟವನ್ನು ತೋರಿಸಲು ವಾದ್ಯದಲ್ಲಿ ಟಪಟಪ ಸದ್ದು ಮಾಡಿಸಬೇಕಾದ ಅಗತ್ಯವೇ ಕವಿಗೆ ಬೀಳಲಿಲ್ಲ. ಮಾತೇ ಓಡುತ್ತದೆ. ಸಾಲಿನ ಕೊನೆಯ ಅಕಾರ ಬಾಯಿ ಪೂರ್ತಿ ತೆರೆಸುತ್ತದೆ, ದನಿಯನ್ನು ದೂರ ಎಸೆಯುವುದಕ್ಕೆ ಅನುವಾಗುತ್ತದೆ. ಮುಗಿಲಿನಿಂದ ಜಾರಿಬಿದ್ದ ಉಲ್ಕೆಯ ಹಾಗೆ ಕುದುರೆ ನೆಗೆಯುವ ಚಿತ್ರ ಬರುವುದು ಆಮೇಲೆ. ಅಷ್ಟರಲ್ಲಿ ಕಿವಿ ಆ ವೇಗಕ್ಕೆ ಒಗ್ಗಿಯೇ ಬಿಟ್ಟಿರುತ್ತದೆ.

ಇದನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರು ಹುಟ್ಟಿದ್ದು 1938ರಲ್ಲಿ, ಹೊಸನಗರ ತಾಲ್ಲೂಕಿನ ನಗರದಲ್ಲಿ. ಕೆಳದಿ ಅರಸರ ಬಿದನೂರು ಅಂತ ನಾವು ಚರಿತ್ರೆಯಲ್ಲಿ ಓದುವ ಅದೇ ನಗರ. ಜಡಿಮಳೆಯ ಊರು. ಘಟಪ್ರಭೆಯ ಬಯಲಿಗೂ ಆ ಊರಿಗೂ ಮಾತಿನಲ್ಲಿ, ಹಾಡಿನಲ್ಲಿ, ಊಟದಲ್ಲಿ ಎಲ್ಲದರಲ್ಲೂ ಅಂತರ. ಕುವೆಂಪು ಅವರ ‘ಬಾರಿಸು ಕನ್ನಡ ಡಿಂಡಿಮವ’ವನ್ನು ಸುಬ್ಬಣ್ಣನವರ ದನಿಯಲ್ಲಿ ಕೇಳಿದವರಿಗೆ ಗೊತ್ತು, ಅದು ಸುಗಮ ಸಂಗೀತದ ತುಂಬು ಕಂಠ. ಅಂಥವರು ಉತ್ತರ ಕರ್ನಾಟಕದ ಈ ಪದಕ್ಕೆ ತಮ್ಮ ಮಲೆನಾಡಿನ ನಯವನ್ನು ಬಳಿಯಬಹುದಿತ್ತು. ಬಳಿಯಲಿಲ್ಲ. ಹಾಗಂತ ಬಯಲುಸೀಮೆಯವರನ್ನು ಅನುಕರಿಸಲೂ ಹೋಗಲಿಲ್ಲ. ಕವಿ ಹಾಕಿಕೊಟ್ಟ ನಡೆಯನ್ನು ಹಾಗೇ ಉಳಿಸಿಕೊಂಡು, ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಕೇಳಿಸುವಂತೆ ಹಾಡಿದರು. ಅಷ್ಟು ಓಟದಲ್ಲೂ ಒಂದು ಒತ್ತಕ್ಷರ ಜಾರುವುದಿಲ್ಲ.

ಈ ಸ್ಪಷ್ಟತೆ ಶಿವಮೊಗ್ಗದವರಿಗೆ ಹೊಸದಲ್ಲ. ಮತ್ತೂರು, ಹೊಸಹಳ್ಳಿಗಳ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆ, ಕೇಳಿ ಬೆಳೆದ ಊರು ನಮ್ಮದು. ಗಮಕದಲ್ಲಿ ರಾಗ ಎಷ್ಟೇ ಸೊಗಸಾಗಿರಲಿ, ಪದ್ಯ ಕಿವಿಗೆ ಬೀಳದಿದ್ದರೆ ವಾಚನ ಸೋತ ಹಾಗೆ. ಸುಬ್ಬಣ್ಣನವರ ಹಾಡುಗಾರಿಕೆಯಲ್ಲೂ ಅದೇ ನಿಷ್ಠೆ ಇತ್ತು. ನನ್ನ ಮಟ್ಟಿಗೆ ಅವರ ದೊಡ್ಡತನ ಕಂಠದ ಗಾತ್ರಕ್ಕಿಂತ ಹೆಚ್ಚಾಗಿ ಇದರಲ್ಲಿದೆ.

26ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಈ ಹಾಡಿಗಾಗಿ ಅವರಿಗೆ ಶ್ರೇಷ್ಠ ಹಿನ್ನೆಲೆ ಗಾಯಕ ಪುರಸ್ಕಾರ ಬಂತು. ಕನ್ನಡ ಹಾಡಿಗೆ ಗಾಯಕರೊಬ್ಬರು ಈ ಪುರಸ್ಕಾರ ಪಡೆದದ್ದು ಅದೇ ಮೊದಲು. ಡಾ. ರಾಜ್‌ಕುಮಾರ್ ಅವರಿಗೆ ‘ಜೀವನ ಚೈತ್ರ’ದ ‘ನಾದಮಯ’ ಹಾಡಿಗೆ ಅದು ಬಂದದ್ದು 40ನೇ ಪ್ರಶಸ್ತಿಗಳಲ್ಲಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ ನೋಡಿ. ‘ನಾದಮಯ’ದಲ್ಲಿ ರಾಗ ಅರಳುತ್ತಾ ಹೋಗುತ್ತದೆ, ಶಾಸ್ತ್ರೀಯ ಸಂಗೀತದ ಸಿರಿಯೆಲ್ಲ ಅಲ್ಲಿದೆ. ‘ಕಾಡು ಕುದುರೆ’ಯಲ್ಲಿ ಅಂಥ ವಿಸ್ತಾರವೇ ಇಲ್ಲ. ಹಳ್ಳಿಯ ಮಟ್ಟು, ತಾಳ, ಮಾತು, ಅಷ್ಟೇ. ಇಷ್ಟನ್ನೇ ನೆಚ್ಚಿಕೊಂಡ ಹಾಡಿನ ಗಾಯಕನನ್ನು ದೇಶದ ತೀರ್ಪುಗಾರರು ಗುರುತಿಸಿದರಲ್ಲ, ಅದನ್ನು ನೆನೆದಾಗ ಈಗಲೂ ನನಗೆ ಹೆಮ್ಮೆಯಾಗುತ್ತದೆ.

ಸುಬ್ಬಣ್ಣನವರು 2022ರ ಆಗಸ್ಟ್‌ನಲ್ಲಿ ತೀರಿಕೊಂಡರು. ಈ ಹಾಡನ್ನು ಈಗ ಮಕ್ಕಳು ಸ್ಪರ್ಧೆಗಳಲ್ಲಿ ಹಾಡುತ್ತಾರೆ, ಅದು ಸಂತೋಷ. ಆದರೆ ಕರೋಕೆ ಟ್ರ್ಯಾಕ್ ಹಾಕಿಕೊಂಡು, ಅದರ ವೇಗದ ಹಿಂದೆ ಬಿದ್ದು, ‘ಕುದುರೆ’ಯ ಮೂರು ಲಘುಗಳನ್ನು ಎರಡಾಗಿ ನುಂಗುವುದನ್ನು ಕೇಳಿದಾಗ ಸಂಕಟವಾಗುತ್ತದೆ. ಕೊನೆಯ ‘ಇತ್ತ’ದ ಮೇಲೆ ಸಂಗತಿಗಳನ್ನು, ಅಂದರೆ ಸ್ವರದ ಬಳುಕುಗಳನ್ನು, ಪೇರಿಸುವವರೂ ಇದ್ದಾರೆ. ಅಲ್ಲಿ ದನಿ ನೇರ ನಿಲ್ಲಬೇಕು, ಬಳುಕಬಾರದು. ಇಲ್ಲಿ ಕೂತಿರುವ ಸಂಗೀತದ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೋರಿಕೆ ಇಷ್ಟೇ: ಈ ಹಾಡು ಕಲಿಸುವಾಗ ಹಾರ್ಮೋನಿಯಂ ಮುಚ್ಚಿಡಿ. ಮೊದಲು ಇಡೀ ಪದ್ಯವನ್ನು ಕೈತಾಳ ಹಾಕಿ, ರಾಗವಿಲ್ಲದೆ, ಬಾಯಿಪಾಠ ಬರುವವರೆಗೆ ಹೇಳಿಸಿ. ಶ್ರುತಿ ಹಿಡಿಸುವುದು ಆಮೇಲೆ.