ಸೆಕೆಂಡ್ ಹ್ಯಾಂಡ್ ಲಕ್ಸುರಿ ಎಸ್‌ಯುವಿ ತಗೊಳೋ ಮುಂಚೆ ಗೇರ್‌ಬಾಕ್ಸ್ ಆಯಿಲ್ ಬಿಲ್ ಕೇಳಿ

ನಮಸ್ಕಾರ ಎಲ್ರಿಗೂ. ಇವತ್ತು ಸ್ವಲ್ಪ ಕೋಪದಲ್ಲೇ ಮಾತಾಡ್ತೀನಿ, ಯಾಕಂದ್ರೆ ಒಂದೇ ಒಂದು ಮಾತು ನಂಬಿ ತುಂಬಾ ಜನ ಲಕ್ಷಗಟ್ಟಲೆ ದುಡ್ಡು ಕಳ್ಕೋತಿದಾರೆ. "ಸರ್, ಇದ್ರಲ್ಲಿ ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮು, ಬದಲಾಯಿಸೋ ಹಾಗೇ ಇಲ್ಲ." ಸೆಕೆಂಡ್ ಹ್ಯಾಂಡ್ ಡಿಸ್ಕವರಿ, ರೇಂಜ್ ರೋವರ್ ಸ್ಪೋರ್ಟ್, ಎಕ್ಸ್ ಫೈವ್, ಕ್ಯೂ ಸೆವೆನ್, ಇಂಥ ಗಾಡಿ ನೋಡೋಕೆ ಹೋದವ್ರು ಈ ಮಾತು ಕೇಳೇ ಇರ್ತೀರಿ. ಮಾರೋನು ಹೇಳ್ತಾನೆ, ಪಕ್ಕದಲ್ಲಿ ನಿಂತಿರೋ ಮೆಕ್ಯಾನಿಕ್ಕೂ ತಲೆ ಅಲ್ಲಾಡಿಸ್ತಾನೆ, ನಾವು ಲೆದರ್ ಸೀಟು ಸನ್‌ರೂಫ್ ನೋಡ್ಕೊಂಡು ಅಡ್ವಾನ್ಸ್ ಕೊಟ್ಟು ಬರ್ತೀವಿ.

ಈಗ ಬೆಂಗಳೂರಲ್ಲಿ ಒಂದು ಹೊಸ ಕ್ರೆಟಾ ದುಡ್ಡಿಗೆ ಹತ್ತು ಹನ್ನೆರಡು ವರ್ಷದ ಲಕ್ಸುರಿ ಫೋರ್ ವೀಲ್ ಡ್ರೈವ್ ಸಿಗುತ್ತೆ. ಅದ್ರಲ್ಲಿ ದೆಹಲಿ ಕಡೆಯಿಂದ ಬಂದ ಡೀಸೆಲ್ ಗಾಡಿಗಳೂ ಇವೆ, ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಿಸೋ ಹಾಗಿಲ್ಲ ಅಂತ 2015ರಲ್ಲಿ ಎನ್‌ಜಿಟಿ, ಅಂದ್ರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಆದೇಶ ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡೀತು, ಹಂಗಾಗಿ ಹತ್ತು ವರ್ಷ ಹತ್ರ ಬರ್ತಿದ್ದಂಗೆ ಅಲ್ಲಿನ ಓನರ್‌ಗಳು ಬಂದಷ್ಟಕ್ಕೆ ಕೊಟ್ಟು ಎನ್‌ಒಸಿ ಮಾಡಿಸಿ ಕೈ ತೊಳ್ಕೊಂಡ್ರು. ಗಾಡಿ ಲಾರಿ ಮೇಲೆ ಇಲ್ಲಿಗೆ ಬರುತ್ತೆ, ಸರ್ವಿಸ್ ಹಿಸ್ಟರಿ ಮಾತ್ರ ಬರಲ್ಲ. ಪಾಲಿಶ್ ಹೊಡ್ದು ನಿಲ್ಸಿರ್ತಾರೆ, ಫೋಟೋದಲ್ಲಿ ಬೊಂಬಾಟಾಗಿ ಕಾಣುತ್ತೆ.

ಸರಿ, ಲೈಫ್‌ಟೈಮ್ ಆಯಿಲ್ ವಿಷಯಕ್ಕೆ ಬರ್ತೀನಿ. ಈ ಗಾಡಿಗಳ ಗೇರ್‌ಬಾಕ್ಸನ್ನ ಗಾಡಿ ಕಂಪನಿಯವ್ರೇ ಮಾಡಿರ್ತಾರೆ ಅಂದ್ಕೊಂಡಿದ್ರೆ, ಬಹಳಷ್ಟರಲ್ಲಿ ಹಂಗಿಲ್ಲ. ಜರ್ಮನಿಯ ಝಡ್‌ಎಫ್ ಅಂತ ಕಂಪನಿ ಇದೆ, ಅವ್ರದ್ದು 6ಎಚ್‌ಪಿ26 ಅನ್ನೋ ಸಿಕ್ಸ್ ಸ್ಪೀಡ್ ಆಟೋಮ್ಯಾಟಿಕ್ ಮೊದ್ಲು ಬಂದಿದ್ದು 2001ರ ಬಿಎಂಡಬ್ಲ್ಯು ಸೆವೆನ್ ಸೀರೀಸಲ್ಲಿ, ಆಮೇಲೆ ಡಿಸ್ಕವರಿ 3, ರೇಂಜ್ ರೋವರ್ ಸ್ಪೋರ್ಟ್, ದೊಡ್ಡ ರೇಂಜ್ ರೋವರ್, ಎಕ್ಸ್ ಫೈವ್ ಎಲ್ಲದಕ್ಕೂ ಇದೇ ಕುಟುಂಬದ ಡಬ್ಬ. ಗಾಡಿ ಕಂಪನಿ ಲೈಫ್‌ಟೈಮ್ ಅಂತ ಹೇಳ್ತು. ಆದ್ರೆ ಗೇರ್‌ಬಾಕ್ಸ್ ಮಾಡಿದ ಝಡ್‌ಎಫ್ಫೇ ಏನು ಹೇಳುತ್ತೆ ಗೊತ್ತಾ, ಗಾಡಿ ಓಡೋ ರೀತಿ ನೋಡ್ಕೊಂಡು 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರ್ ಒಳಗೆ, ಇಲ್ಲಾಂದ್ರೆ 8 ವರ್ಷಕ್ಕೆ, ಆಯಿಲ್ ಬದಲಾಯಿಸಿ ಅಂತ. ಮಾಡ್ದೋನೇ ಬದಲಾಯಿಸು ಅಂತಿದಾನೆ, ಮಾರ್ದೋನು ಬೇಡ ಅಂತಿದಾನೆ. ನಾನು ಯಾರ ಮಾತು ಕೇಳ್ತೀನಿ ಅಂತ ಬೇರೆ ಹೇಳ್ಬೇಕಾಗಿಲ್ಲ. ಹೊಸ ಗಾಡಿ ಮಾರುವಾಗ ಮೆಂಟೆನೆನ್ಸ್ ಖರ್ಚು ಕಮ್ಮಿ ಅಂತ ತೋರಿಸ್ಬೇಕು, ಮೊದಲನೇ ಓನರ್ ಐದಾರು ವರ್ಷಕ್ಕೆ ಮಾರಿ ಹೋಗ್ತಾನೆ, ಅವನ ಕೈಯಲ್ಲಿರೋ ತನಕ ಏನೂ ಆಗಲ್ಲ. ಆ ಆಯಿಲ್ ಖರ್ಚು ಬಂದು ಬೀಳೋದು ಮೂರನೇ ಓನರ್ ತಲೆ ಮೇಲೆ, ಅಷ್ಟೊತ್ತಿಗೆ ಅದು ಆಯಿಲ್ ಖರ್ಚಾಗಿ ಉಳಿದಿರಲ್ಲ.

ಯಾಕೆ ಆಯಿಲ್ ಇಷ್ಟು ಮುಖ್ಯ ಅಂದ್ರೆ, ಇದು ಬರೀ ಗೇರ್ ನುಣ್ಣಗೆ ತಿರುಗ್ಲಿ ಅಂತ ಹಾಕೋ ಎಣ್ಣೆ ಅಲ್ಲ. ಒಳಗಡೆ ಗೇರ್ ಬದಲಾಯಿಸೋ ಕ್ಲಚ್ ಪ್ಯಾಕ್ ಒತ್ತೋದು ಆಯಿಲ್ ಪ್ರೆಶರ್, ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಮಧ್ಯೆ ಇರೋ ಟಾರ್ಕ್ ಕನ್ವರ್ಟರಲ್ಲಿ ಇಂಜಿನ್ ಶಕ್ತಿನ ದಾಟಿಸೋದು ಆಯಿಲ್, ಬಿಸಿ ಹೊತ್ಕೊಂಡು ಕೂಲರ್‌ಗೆ ಹೋಗೋದೂ ಅದೇ ಆಯಿಲ್. ಇನ್ನು ಟಾರ್ಕ್ ಕನ್ವರ್ಟರ್ ಒಳಗೆ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಸೇರಿಸಿ ಹಿಡಿಯೋ ಲಾಕಪ್ ಕ್ಲಚ್ ಅಂತ ಇದೆ, ಹಳೇ ಕಾಲದ ಆಟೋಮ್ಯಾಟಿಕಲ್ಲಿ ಅದು ಹೈವೇಲಿ ಟಾಪ್ ಗೇರಲ್ಲಿ ಒಂದ್ಸಲ ಹಿಡ್ಕೊಂಡ್ರೆ ಮುಗೀತು, ಇವುಗಳಲ್ಲಿ ಮೈಲೇಜ್‌ಗೋಸ್ಕರ ಬೇಗನೇ ಹಿಡ್ಕೊಳ್ಳುತ್ತೆ, ಅದೂ ಪೂರ್ತಿ ಹಿಡಿಯಲ್ಲ, ಜರ್ಕ್ ಗೊತ್ತಾಗ್ಬಾರ್ದು ಅಂತ ಬೇಕಂತಲೇ ಸ್ವಲ್ಪ ಜಾರಿಸ್ತಾ ಹಿಡಿಯುತ್ತೆ. ಜಾರಿದ್ರೆ ಸವೆಯುತ್ತೆ. ಸವೆದ ಪುಡಿ ಎಲ್ಲಿಗೆ ಹೋಗ್ಬೇಕು, ಆಯಿಲ್‌ಗೇ. ಆ ಪುಡಿ ಮೆಕಾಟ್ರಾನಿಕ್ ಅನ್ನೋ ಕಂಟ್ರೋಲ್ ಯೂನಿಟ್ಟಿಗೆ ಹೋಗಿ ಅಲ್ಲಿರೋ ಸೊಲೆನಾಯ್ಡ್, ವಾಲ್ವ್ ಎಲ್ಲಾ ಉಜ್ಜಿ ಉಜ್ಜಿ ಲೂಸ್ ಮಾಡುತ್ತೆ, ಪ್ರೆಶರ್ ಕಮ್ಮಿಯಾಗುತ್ತೆ, ಕ್ಲಚ್ ಇನ್ನೂ ಜಾರುತ್ತೆ, ಇನ್ನೂ ಪುಡಿ. ಇದಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ ಸೇರಿಸಿ, ಎರಡೂವರೆ ಟನ್ ಗಾಡಿ ತುಂಬಿಸ್ಕೊಂಡು ಚಾರ್ಮಾಡಿ ಘಾಟಿ ಹತ್ತೋದು ಸೇರಿಸಿ, ಆ ಆಯಿಲ್ ಸ್ಥಿತಿ ಏನಾಗಿರ್ಬೇಡ.

ಮೊದಲ ಸೂಚನೆ ತುಂಬಾ ಸಣ್ಣದು. 60, 70 ಸ್ಪೀಡಲ್ಲಿ ಆಕ್ಸಿಲರೇಟರ್ ಮೇಲೆ ಕಾಲು ಹಗುರವಾಗಿ ಇಟ್ಕೊಂಡು ಹೋಗುವಾಗ ಆರ್‌ಪಿಎಂ 1500 ಆಸುಪಾಸಲ್ಲಿ ಗಾಡಿ ಒಂದೆರಡು ಸೆಕೆಂಡ್ ರಂಬಲ್ ಸ್ಟ್ರಿಪ್ ಮೇಲೆ ಹೋದಂಗೆ ನಡುಗುತ್ತೆ. ರಸ್ತೆ ಸರಿ ಇಲ್ಲ ಅಂದ್ಕೊಂಡು ಬಿಡ್ತಾರೆ. ಅಲ್ಲೇ ಹಿಡೀಬೇಕು ಅದನ್ನ, ಆ ಹಂತದಲ್ಲಿ ಎಷ್ಟೋ ಗಾಡಿ ಬರೀ ಆಯಿಲ್ ಮತ್ತೆ ಫಿಲ್ಟರಲ್ಲೇ ಸರಿಹೋಗುತ್ತೆ.

ಇನ್ನೊಂದು ಕಾಯಿಲೆ ಲೀಕು. 6ಎಚ್‌ಪಿ26ರ ಕೆಳಗಿನ ಪ್ಯಾನ್ ಪ್ಲಾಸ್ಟಿಕ್, ಫಿಲ್ಟರ್ ಅದ್ರೊಳಗೇ ಅಂಟಿಕೊಂಡಿರುತ್ತೆ, ವರ್ಷಗಟ್ಟಲೆ ಬಿಸಿಗೆ ಪ್ಯಾನ್ ಸೊಟ್ಟಗಾಗಿ ಅಂಚಲ್ಲಿ ಆಯಿಲ್ ಬರುತ್ತೆ. ವೈರಿಂಗ್ ಒಳಗೆ ಹೋಗೋ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಸ್ಲೀವ್ ಇದೆ, ಅದ್ರ ಒ ರಿಂಗ್ ಗಟ್ಟಿಯಾಗಿ ಅಲ್ಲಿಂದಲೂ ತೊಟ್ಟಿಕ್ಕುತ್ತೆ. ತುಂಬಾ ಚಿಕ್ಕ ಪಾರ್ಟ್ ಅದು. ಆದ್ರೆ ಈ ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ಕೇ ಇಲ್ಲ, ಲೆವೆಲ್ ಕಮ್ಮಿಯಾಗಿದ್ದು ಯಾರಿಗೂ ಕಾಣಲ್ಲ, ಗಾಡಿ ಗೇರ್ ಜಾರಿದಾಗ್ಲೇ ಗೊತ್ತಾಗೋದು. ಲೆವೆಲ್ ನೋಡೋಕೂ ಒಂದು ಕ್ರಮ ಇದೆ, ಗಾಡಿ ಸಮವಾಗಿ ನಿಂತಿರ್ಬೇಕು, ಇಂಜಿನ್ ಓಡ್ತಿರ್ಬೇಕು, ಎಲ್ಲಾ ಗೇರಿಗೂ ಹಾಕಿ ತೆಗೀಬೇಕು, ಸ್ಕ್ಯಾನರ್‌ನಲ್ಲಿ ಆಯಿಲ್ ಟೆಂಪರೇಚರ್ 30ರಿಂದ 50 ಡಿಗ್ರಿ ಒಳಗೆ ಇರುವಾಗ ಸೈಡ್ ಪ್ಲಗ್ಗಿಂದ ತುಂಬಿಸಿ, ಹೊರಗೆ ಹರಿದ ಮೇಲೆ ಮುಚ್ಬೇಕು. ಸ್ಕ್ಯಾನರ್ ಇಲ್ದೆ ಅಂದಾಜಲ್ಲಿ ಸುರಿಯೋ ಗ್ಯಾರೇಜಿಗೆ ದಯವಿಟ್ಟು ಕೊಡ್ಬೇಡಿ. ಆಯಿಲ್ಲೂ ಅಷ್ಟೇ, ಇದಕ್ಕೆ ಝಡ್‌ಎಫ್ಫಿನದ್ದೇ ಆಯಿಲ್ ಲೈಫ್‌ಗಾರ್ಡ್ 6, ಇದ್ರ ನಂತರ ಬಂದ ಏಯ್ಟ್ ಸ್ಪೀಡ್ 8ಎಚ್‌ಪಿಗೆ ಲೈಫ್‌ಗಾರ್ಡ್ 8, ಅಥವಾ ಅದೇ ಸ್ಪೆಸಿಫಿಕೇಶನ್ ಇರೋದು. "ಎಲ್ಲಾ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಒಂದೇ ಸರ್" ಅಂದ್ರೆ ಗಾಡಿ ವಾಪಸ್ ತಗೊಂಡು ಬನ್ನಿ.

ಈಗ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ. ಗಾಡಿ ಜರ್ಕ್ ಹೊಡೆದ ತಕ್ಷಣ "ಗೇರ್‌ಬಾಕ್ಸ್ ಹೋಗಿದೆ ಸರ್, ಪೂರ್ತಿ ಚೇಂಜ್ ಮಾಡ್ಬೇಕು" ಅಂತ ಎಸ್ಟಿಮೇಟ್ ಕೊಟ್ಬಿಡ್ತಾರೆ. ಫೋರ್ ವೀಲ್ ಡ್ರೈವಲ್ಲಿ ಗೇರ್‌ಬಾಕ್ಸ್ ಹಿಂದೆ ಶಕ್ತಿನ ಮುಂದಿನ ಹಿಂದಿನ ಚಕ್ರಗಳಿಗೆ ಹಂಚೋ ಟ್ರಾನ್ಸ್‌ಫರ್ ಕೇಸ್ ಇರುತ್ತಲ್ಲ, ಬಿಎಂಡಬ್ಲ್ಯು ಎಕ್ಸ್‌ಡ್ರೈವಲ್ಲಿ ಅದ್ರೊಳಗೂ ಒಂದು ಕ್ಲಚ್, ಅದನ್ನ ಒತ್ತೋಕೆ ಒಂದು ಮೋಟರ್, ಮೋಟರೊಳಗೆ ಪ್ಲಾಸ್ಟಿಕ್ ಗೇರ್. ಮುಂದೆ ಹೊಸ ಟೈರು ಹಿಂದೆ ಸವೆದ ಟೈರು ಹಾಕಿದ್ರೆ ಸುತ್ತಳತೆ ಬೇರೆ ಬೇರೆ, ಆ ಕ್ಲಚ್ ದಿನಾ ಒಳಗೊಳಗೇ ಒದ್ದಾಡಿ ಸವೆಯುತ್ತೆ, ಗಾಡಿ ಎಳೆಯುವಾಗ ತಡವರಿಸುತ್ತೆ. ಗೇರ್‌ಬಾಕ್ಸ್ ಥರಾನೇ ಅನ್ಸುತ್ತೆ! ಆ ಮೋಟರಿನ ಕನೆಕ್ಟರ್ ಬಿಚ್ಚಿ ಸ್ವಲ್ಪ ದೂರ ಓಡಿಸಿ ನೋಡಿದ್ರೆ ಗೊತ್ತಾಗುತ್ತೆ, ನಡುಕ ನಿಂತ್ರೆ ತಪ್ಪು ಗೇರ್‌ಬಾಕ್ಸಿಂದಲ್ಲ. ಮೊದಲ ತಲೆಮಾರಿನ ಪೋರ್ಷೆ ಕಯೆನ್ನಲ್ಲಿ ಇನ್ನೊಂದು, ಗೇರ್‌ಬಾಕ್ಸಿಂದ ಹಿಂದಿನ ಚಕ್ರದ ಕಡೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿನ ಮಧ್ಯದ ಬೇರಿಂಗ್ ಹಿಡಿದಿರೋ ರಬ್ಬರ್ ಹರಿದು ಫ್ಲೋರ್ ಕೆಳಗೆ ಧಡ್ ಧಡ್ ಅಂತ ಬಡಿಯುತ್ತೆ, ಕೇಳ್ದೋರಿಗೆ ಗೇರ್‌ಬಾಕ್ಸೇ ಬಿದ್ದೋಯ್ತು ಅನ್ಸುತ್ತೆ. ಮರ್ಸಿಡಿಸ್ ಎಂಎಲ್, ಜಿಎಲ್ ಸೆವೆನ್ ಸ್ಪೀಡಲ್ಲಿ ಒಳಗಿರೋ ಎಲೆಕ್ಟ್ರಾನಿಕ್ ಪ್ಲೇಟಿನ ಸ್ಪೀಡ್ ಸೆನ್ಸರ್ ಹೋದ್ರೆ ಗಾಡಿ ಲಿಂಪ್ ಮೋಡಿಗೆ ಹೋಗಿ ಒಂದೇ ಗೇರಲ್ಲಿ ನಿಂತ್ಬಿಡುತ್ತೆ, ಗೇರು ಕ್ಲಚ್ಚು ಎಲ್ಲಾ ಗಟ್ಟಿಯಾಗೇ ಇರುತ್ತೆ. ಬ್ಯಾಟರಿ ವೀಕಾದ್ರೂ ಲ್ಯಾಂಡ್ ರೋವರಲ್ಲಿ ಗೇರ್‌ಬಾಕ್ಸ್ ಫಾಲ್ಟ್ ಅಂತ ಸ್ಕ್ರೀನ್ ಮೇಲೆ ಬರುತ್ತೆ ಸ್ವಾಮಿ. ಹಂಗಾಗಿ ಫಾಲ್ಟ್ ಕೋಡ್ ಪ್ರಿಂಟ್ ಕೊಡಿ, ಪ್ಯಾನ್ ಬಿಚ್ಚಿ ಆಯಿಲ್ ತೋರ್ಸಿ ಅಂತ ಕೇಳೋದು ನಿಮ್ಮ ಹಕ್ಕು. ಪ್ಯಾನಲ್ಲಿರೋ ಮ್ಯಾಗ್ನೆಟ್ ಮೇಲೆ ನುಣುಪಾದ ಬೂದು ಪೇಸ್ಟ್ ಇದ್ರೆ ಅದು ಮಾಮೂಲಿ ಸವೆತ, ಕಬ್ಬಿಣದ ಚೂರು ಸಿಕ್ಕಿದ್ರೆ ಮಾತ್ರ ಒಳಗೆ ಏನೋ ಮುರಿದಿದೆ.

ಗಾಡಿ ನೋಡೋಕೆ ಹೋದಾಗ ಇಂಜಿನ್ ತಣ್ಣಗಿರ್ಲಿ, ಬಾನೆಟ್ ಮುಟ್ಟಿ ನೋಡಿ. ನೀವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ರೆ ಇನ್ನೊಂದಿನ ಬರ್ತೀನಿ ಅನ್ನಿ. ಬ್ರೇಕ್ ಹಿಡ್ಕೊಂಡು ಆರ್‌ಗೆ ಹಾಕಿ, ಡಿಗೆ ಹಾಕಿ, ಹಾಕಿದ ಮೇಲೆ ಎರಡು ಸೆಕೆಂಡ್ ಯೋಚನೆ ಮಾಡಿ ಧಪ್ ಅಂತ ಹಿಡಿದ್ರೆ ಅದನ್ನ ಬರ್ಕೊಳ್ಳಿ. ಆಮೇಲೆ ಮುಕ್ಕಾಲು ಗಂಟೆ ಆದ್ರೂ ಓಡಿಸಿ, ಟ್ರಾಫಿಕ್ಕಲ್ಲೂ ಹೈವೇಲೂ, ಆಗ್ಲಿಲ್ಲ ಅಂದ್ರೆ ಒಂದು ಏರಾದ್ರೂ ಹತ್ತಿಸಿ, ಬಿಸಿಯಾದ ಮೇಲೆ ಮತ್ತೆ ಆರ್, ಡಿ. ತಣ್ಣಗಿದ್ದಾಗ ಚೆನ್ನಾಗಿದ್ದು ಬಿಸಿಯಾದ ಮೇಲೆ ಜಾರೋ ಡಬ್ಬಗಳೇ ಜಾಸ್ತಿ. ನಾಲ್ಕೂ ಟೈರು ಒಂದೇ ಬ್ರ್ಯಾಂಡ್, ಒಂದೇ ಸೈಜ್, ಹತ್ತತ್ರ ಒಂದೇ ಸವೆತ ಇದೆಯಾ ನೋಡಿ.

ನೀರಿಗೆ ಬಿದ್ದ ಗಾಡಿ ಬಗ್ಗೆಯೂ ಹುಷಾರು. 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಲೇಔಟ್‌ಗಳಲ್ಲಿ ಎಂಥೆಂಥ ಗಾಡಿ ಮುಳುಗಿತ್ತು ಅಂತ ಎಲ್ರೂ ನೋಡಿದೀವಿ. ಗೇರ್‌ಬಾಕ್ಸಿಗೆ ಉಸಿರಾಡೋಕೆ ಬ್ರೀದರ್ ಇರುತ್ತೆ, ಅಲ್ಲಿಂದ ನೀರು ಒಳಗೆ ಹೋದ್ರೆ ಕ್ಲಚ್ ಲೈನಿಂಗ್ ಅಂಟೇ ಬಿಟ್ಕೊಳ್ಳುತ್ತೆ. ಸೀಟ್ ಕೆಳಗಿನ ಬೋಲ್ಟ್ ತುಕ್ಕು ಹಿಡಿದಿದ್ರೆ ರೇಟ್ ಮಾತಾಡೋದೇ ಬೇಡ.

ಕೊನೆಗೆ, ಈಗಾಗ್ಲೇ ಗಾಡಿ ಇಟ್ಕೊಂಡಿರೋರು ಕೇಳೋದು, "ಒಂದೂವರೆ ಲಕ್ಷ ಓಡಿದೆ, ಆಯಿಲ್ ಮುಟ್ಟೇ ಇಲ್ಲ, ಈಗ ಬದಲಾಯಿಸಿದ್ರೆ ಗೇರ್‌ಬಾಕ್ಸ್ ಕೆಟ್ಟೋಗುತ್ತಂತೆ ಹೌದಾ?" ಈ ಹೆದರಿಕೆ ಹುಟ್ಟಿದ್ದು ಹೆಂಗೆ ಅಂದ್ರೆ ಜನ ಗೇರ್ ಜಾರೋಕೆ ಶುರುವಾದ ಮೇಲೆ ಆಯಿಲ್ ಬದಲಾಯಿಸ್ತಾರೆ, ಸುಟ್ಟ ಕ್ಲಚ್ಚನ್ನ ಹೊಸ ಆಯಿಲ್ ಉಳ್ಸೋಕಾಗಲ್ಲ, ಬೈಗುಳ ಮಾತ್ರ ಆಯಿಲ್‌ಗೆ. ನಿಮ್ಮ ಗಾಡಿ ಇನ್ನೂ ಸರಿಯಾಗಿ ಗೇರ್ ಹಾಕ್ತಿದ್ರೆ ಧೈರ್ಯವಾಗಿ ಬದಲಾಯಿಸಿ. ಮೆಷಿನ್ ಹಾಕಿ ಪ್ರೆಶರ್ ಫ್ಲಶ್ ಬೇಡ, ಪ್ಯಾನ್ ಬಿಚ್ಚಿ, ಹೊಸ ಪ್ಯಾನ್ ಫಿಲ್ಟರ್ ಹಾಕಿ, ಆ ಸ್ಲೀವ್ ಕೂಡ ಅದೇ ಕೈಯಲ್ಲಿ ಬದಲಾಯಿಸಿ. ಒಂದ್ಸಲ ಬಿಚ್ಚಿದ್ರೆ ಹೆಚ್ಚುಕಮ್ಮಿ ಅರ್ಧ ಆಯಿಲ್ ಅಷ್ಟೇ ಇಳಿಯೋದು, ಉಳಿದಿದ್ದು ಕನ್ವರ್ಟರಲ್ಲೇ ಇರುತ್ತೆ, ಅದಕ್ಕೆ ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಇನ್ನೊಂದ್ಸಲ ಇಳಿಸಿ ತುಂಬಿಸಿ, ಅಡಾಪ್ಟೇಶನ್, ಅಂದ್ರೆ ಗೇರ್‌ಬಾಕ್ಸ್ ಕಂಪ್ಯೂಟರ್ ಹಳೇ ಸವೆತಕ್ಕೆ ತಕ್ಕಂಗೆ ಕಲ್ತಿರೋ ಲೆಕ್ಕ, ಅದನ್ನ ರೀಸೆಟ್ ಮಾಡಿಸಿ. ಬಿಲ್ಲಲ್ಲಿ ಆಯಿಲ್ ಹೆಸರು, ಲೀಟರ್, ಕಿಲೋಮೀಟರ್ ಬರೆಸ್ಕೊಳ್ಳಿ. ನಾಳೆ ನಿಮ್ಮಿಂದ ಗಾಡಿ ತಗೊಳೋನು ಕೇಳೋದು ಅದೇ ಬಿಲ್ಲು.