ಕಾಗದದ ಮಾದರಿಗಳು: ಮೊದಲ ಗುಮ್ಮಟ ಕಟ್ಟುವ ಮುನ್ನ

ಕೇಳುಗರಿಗೆ ನಮಸ್ಕಾರ.

ಕಟ್ಟಡ, ಹಡಗು, ವಿಮಾನ, ಸೇತುವೆಗಳ ಪ್ರತಿರೂಪಗಳನ್ನು ಕಾಗದದಲ್ಲಿ ಕಟ್ಟುವ ಹವ್ಯಾಸಕ್ಕೆ ಹೊಸದಾಗಿ ಕೈ ಹಾಕುವವರು ಎಲ್ಲಕ್ಕಿಂತ ಮೊದಲು ಕಾಗದದ ಒಂದು ಸ್ವಭಾವವನ್ನು ಅರಿತುಕೊಳ್ಳಬೇಕು. ಹಾಳೆಯನ್ನು ಒಂದು ದಿಕ್ಕಿಗೆ ಬಾಗಿಸಿದರೆ ಅದು ಕೊಳವೆಯಾಗುತ್ತದೆ, ಶಂಕುವೂ ಆಗುತ್ತದೆ. ಆದರೆ ಅದೇ ಜಾಗದಲ್ಲಿ ಇನ್ನೊಂದು ದಿಕ್ಕಿಗೂ ಬಾಗಿಸಲು ಹೋದರೆ ಸುಕ್ಕುಗಟ್ಟುತ್ತದೆ, ಇಲ್ಲವೇ ಹರಿಯುತ್ತದೆ. ಜೇಡಿಮಣ್ಣಿನಂತೆ, ಲೋಹದ ತಗಡಿನಂತೆ ಅದನ್ನು ಹಿಗ್ಗಿಸಲು ಬರುವುದಿಲ್ಲ. ಈ ಹವ್ಯಾಸದ ಕಷ್ಟವೂ ಸ್ವಾರಸ್ಯವೂ ಬಹುಮಟ್ಟಿಗೆ ಇದೊಂದೇ ಸಂಗತಿಯಿಂದ ಹುಟ್ಟುತ್ತವೆ.

ಘನಾಕೃತಿಯೊಂದನ್ನು ಬಿಡಿಸಿ ಹಾಳೆಯ ಮೇಲೆ ಚಪ್ಪಟೆಯಾಗಿ ಹರಡಿ ತೋರಿಸುವ ವಿದ್ಯೆ ಹಳೆಯದು. ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1525ರಲ್ಲಿ ಪ್ರಕಟಿಸಿದ ಜ್ಯಾಮಿತಿಯ ಪುಸ್ತಕದಲ್ಲಿ ಇಂಥ ಬಿಡಿನಕ್ಷೆಗಳಿವೆ. ಮುಂದೆ ಫ್ರಾನ್ಸಿನ ಎಪಿನಾಲ್ ಊರಿನ ಮುದ್ರಣಾಲಯವು ಮಕ್ಕಳಿಗಾಗಿ ಕತ್ತರಿಸಿ ಅಂಟಿಸುವ ಬಣ್ಣದ ಹಾಳೆಗಳನ್ನು ಅಚ್ಚು ಹಾಕಿತು. ಪೋಲೆಂಡಿನಲ್ಲಿ 1957ರಲ್ಲಿ ಆರಂಭವಾದ ‘ಮಾವಿ ಮೊಡೆಲಾಷ್’ ಎಂಬ ಪತ್ರಿಕೆ ಈ ಹವ್ಯಾಸವನ್ನು ಸಾಮಾನ್ಯರ ಮನೆಗಳಿಗೆ ತಲುಪಿಸಿತು. ಇಂದು ಅಮೆರಿಕದ ನಾಸಾ ಸಂಸ್ಥೆಯು ತನ್ನ ವ್ಯೋಮನೌಕೆಗಳ ಕಾಗದದ ಮಾದರಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ನೀಡುತ್ತಿದೆ. ಬೇಕಾದವರು ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು.

ಮುದ್ರಿಸಿಕೊಳ್ಳುವಾಗ ಎರಡು ಎಚ್ಚರಿಕೆಗಳು ಅಗತ್ಯ. ಜೆರಾಕ್ಸ್ ಅಂಗಡಿಯ ಕಂಪ್ಯೂಟರು ನಕ್ಷೆಯನ್ನು ಪುಟಕ್ಕೆ ಹೊಂದುವಂತೆ ತಾನಾಗಿಯೇ ಕುಗ್ಗಿಸಿಬಿಡುತ್ತದೆ. ಎಲ್ಲ ಹಾಳೆಗಳೂ ಒಂದೇ ಪ್ರಮಾಣದಲ್ಲಿ ಕುಗ್ಗದಿದ್ದರೆ ಭಾಗಗಳು ಒಂದಕ್ಕೊಂದು ಕೂಡುವುದಿಲ್ಲ. ಆದ್ದರಿಂದ ಶೇ. 100ರ ಅಳತೆಯಲ್ಲಿಯೇ ಮುದ್ರಿಸುವಂತೆ ಹೇಳಿ, ಅಲ್ಲಿಯೇ ಸ್ಕೇಲು ಹಿಡಿದು ಒಂದು ಗೆರೆಯನ್ನು ಅಳೆದು ನೋಡುವುದು ಒಳ್ಳೆಯದು. ಇನ್ನೊಂದು ಶಾಯಿಯ ವಿಚಾರ: ಇಂಕ್‌ಜೆಟ್ ಮುದ್ರಣದ ಬಣ್ಣ ಸಾಮಾನ್ಯವಾಗಿ ನೀರು ತಾಗಿದರೆ ಹರಡುತ್ತದೆ, ಲೇಸರ್ ಮುದ್ರಣದ ಬಣ್ಣ ಮಡಿಕೆಯಲ್ಲಿ ಬಿರುಕುಬಿಡುತ್ತದೆ.

ಸಾಮಾನ್ಯ ಬರವಣಿಗೆಯ ಎ-4 ಹಾಳೆ 70ರಿಂದ 80 ಜಿ.ಎಸ್.ಎಂ.ನದು, ಅಂದರೆ ಒಂದು ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವಂಥದ್ದು, ಗೋಡೆಯಾಗಿ ನಿಲ್ಲುವ ಬಲ ಅದಕ್ಕಿಲ್ಲ. 160ರಿಂದ 200 ಜಿ.ಎಸ್.ಎಂ.ನ ಕಾರ್ಡ್ ಹಾಳೆ ಹೊಸಬರಿಗೆ ಹದವಾದದ್ದು. ಅಂಗಡಿಯವನು ಇದಕ್ಕಿಂತ ದಪ್ಪನೆಯ ರಟ್ಟನ್ನು ತೋರಿಸಿ ಇದೇ ಗಟ್ಟಿ ಎಂದು ಹೇಳಬಹುದು. ನಂಬಬೇಡಿ, ಬೆರಳುಗಾತ್ರದ ಭಾಗಗಳನ್ನು ಅದರಲ್ಲಿ ಮಡಿಸಲು ಆಗುವುದೇ ಇಲ್ಲ. ಕಾಗದಕ್ಕೆ ನಾರಿನ ಓಟವೂ ಉಂಟು, ಅಂದರೆ ಅದರೊಳಗಿನ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಸಾಗಿರುತ್ತವೆ. ಒಂದೇ ಹಾಳೆಯಿಂದ ಉದ್ದಕ್ಕೊಂದು, ಅಡ್ಡಕ್ಕೊಂದು ಸಮಾನ ಅಳತೆಯ ಪಟ್ಟಿಗಳನ್ನು ಕತ್ತರಿಸಿ, ಎರಡರ ಒಂದೊಂದು ತುದಿಯನ್ನು ಒಟ್ಟಿಗೆ ಹಿಡಿದು ಅಡ್ಡವಾಗಿ ಚಾಚಿ ನೋಡಿ. ಹೆಚ್ಚು ಜೋತುಬೀಳುವ ಪಟ್ಟಿಯಲ್ಲಿ ನಾರು ಅಡ್ಡಡ್ಡಲಾಗಿದೆ ಎಂದರ್ಥ. ಕಂಬವನ್ನೋ ಮಿನಾರನ್ನೋ ಸುತ್ತುವಾಗ ನಾರು ಕೊಳವೆಯ ಉದ್ದಕ್ಕೆ ಓಡುವಂತಿದ್ದರೆ ಕಾಗದ ತಕರಾರಿಲ್ಲದೆ ಬಾಗುತ್ತದೆ.

ಉಪಕರಣಗಳಿಗೆ ಹೆಚ್ಚು ಖರ್ಚಿಲ್ಲ. ತುದಿ ಮುರಿದು ಹೊಸ ಅಲಗು ಪಡೆಯುವ ಕಟ್ಟರ್, ಸ್ಟೀಲಿನ ಸ್ಕೇಲು, ಕೆಳಗೆ ಹಾಸಲು ದಪ್ಪ ರಟ್ಟು, ಫೆವಿಕಾಲ್, ಶಾಯಿ ಮುಗಿದ ಬಾಲ್‌ಪೆನ್ನು, ಉರಿದು ಉಳಿದ ಊದುಬತ್ತಿಯ ಕಡ್ಡಿಗಳು, ಇಷ್ಟು ಸಾಕು. ಮೊಂಡು ಅಲಗು ಕಾಗದವನ್ನು ಕತ್ತರಿಸುವ ಬದಲು ಎಳೆದು ಹರಿಯುವುದರಿಂದ ತುದಿಯನ್ನು ಮುರಿಯಲು ಜಿಪುಣತನ ಮಾಡಬಾರದು. ಮಕ್ಕಳ ಕೈಗೆ ಕಟ್ಟರ್ ಬದಲು ಕತ್ತರಿಯನ್ನೇ ಕೊಡಿ.

ಕೆಲಸದ ಕ್ರಮದಲ್ಲಿ ಹೊಸಬರು ಅವಸರಪಡುವ ಜಾಗವೊಂದಿದೆ. ಭಾಗವನ್ನು ಮೊದಲು ಕತ್ತರಿಸಿ, ಆಮೇಲೆ ಕೈಯಿಂದಲೇ ಅಂದಾಜಿನ ಮೇಲೆ ಮಡಿಸುತ್ತಾರೆ. ಹಾಳೆ ಇಡಿಯಾಗಿರುವಾಗಲೇ, ಮಡಿಸಬೇಕಾದ ಪ್ರತಿಯೊಂದು ಗೆರೆಯ ಮೇಲೂ ಸ್ಕೇಲನ್ನಿಟ್ಟು ಶಾಯಿಯಿಲ್ಲದ ಪೆನ್ನಿನಿಂದ ಒತ್ತಿ ಗೀರಬೇಕು. ಹೀಗೆ ಗೀರಿದಲ್ಲಿ ನಾರು ತಗ್ಗಿ ಸಣ್ಣ ಕಾಲುವೆಯಾಗುತ್ತದೆ. ಆಮೇಲೆ ಮಡಿಕೆ ತಾನಾಗಿ ಆ ಗೆರೆಯಲ್ಲಿಯೇ ಬೀಳುತ್ತದೆ. ಮೂಲೆಗಳು ಚೂಪಾಗಿ ನಿಂತಿರುವ ಮಾದರಿಗೂ ಉಬ್ಬಿದ ಪೊಟ್ಟಣದಂಥ ಮಾದರಿಗೂ ಇರುವ ವ್ಯತ್ಯಾಸ ಬಹುಪಾಲು ಇಲ್ಲಿಯೇ ನಿರ್ಧಾರವಾಗುತ್ತದೆ. ಅಂಟಿನ ವಿಷಯದಲ್ಲಿ ಹೇಳಬೇಕಾದದ್ದು ಒಂದೇ: ಕಡಿಮೆ. ಫೆವಿಕಾಲಿನಲ್ಲಿ ನೀರಿದೆ, ನೀರು ಕುಡಿದ ಕಾಗದ ಸೊಟ್ಟಗಾಗುತ್ತದೆ. ಕಡ್ಡಿಯ ತುದಿಯಲ್ಲಿ ಸಾಸಿವೆಯಷ್ಟು ತೆಗೆದುಕೊಂಡು, ಅಂಟಿಸಲೆಂದೇ ಭಾಗದ ಅಂಚಿನಲ್ಲಿ ಬಿಟ್ಟ ಅಂಟುಪಟ್ಟಿಯ ಉದ್ದಕ್ಕೂ ತೆಳ್ಳಗೆ ಸವರಿ, ಕೂಡಿಸಿ, ಅದು ಕಚ್ಚಿಕೊಳ್ಳುವವರೆಗೆ ಬೆರಳಿನಿಂದ ಒತ್ತಿ ಹಿಡಿದಿರಬೇಕು.

ಮೊದಲ ಮಾದರಿಯಾಗಿ ಯಾವುದನ್ನು ಕಟ್ಟಬೇಕು ಎಂದು ಕೇಳುವವರಿಗೆ ನಾನು ವಿಜಯಪುರದ ಗೋಳಗುಮ್ಮಟವನ್ನು ಸೂಚಿಸುತ್ತೇನೆ. ಮೊಹಮ್ಮದ್ ಆದಿಲ್ ಶಾಹನ ಈ ಗೋರಿಯ ರಚನೆ ಬೆರಗುಗೊಳಿಸುವಷ್ಟು ಸರಳ: ಸುಮಾರು 47.5 ಮೀಟರ್ ಬದಿಯ ಚೌಕ ಕಟ್ಟಡ, ನಾಲ್ಕು ಮೂಲೆಗಳಲ್ಲಿ ಎಂಟು ಮೂಲೆಯ ಏಳಂತಸ್ತಿನ ಗೋಪುರಗಳು, ಮೇಲೆ ಹೊರಗಿನಿಂದ ಸುಮಾರು 44 ಮೀಟರ್ ವ್ಯಾಸದ ಗುಮ್ಮಟ. ಇದನ್ನು ಐನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಗೋಡೆಯ ಅಗಲ ಒಂಬತ್ತೂವರೆ ಸೆಂಟಿಮೀಟರ್ ಆಗುತ್ತದೆ. ಎ-4 ಹಾಳೆಯ ಅಗಲ 21 ಸೆಂಟಿಮೀಟರ್ ಇರುವುದರಿಂದ ಎರಡು ಗೋಡೆಗಳೂ ಒಂದು ಅಂಟುಪಟ್ಟಿಯೂ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಗೋಪುರಗಳೂ ಚಪ್ಪಟೆ ಮುಖಗಳವೇ. ಒಂದು ಪಟ್ಟಿಯನ್ನು ಎಂಟು ಸಮಭಾಗಗಳಾಗಿ ಗೀರಿ ಮಡಿಸಿದರೆ ಆಯಿತು. ಗೋಡೆಗಳ ಕಮಾನುಗಳನ್ನು ಮೊದಲ ಸಲ ಕೊರೆಯುವ ಗೋಜಿಗೆ ಹೋಗದೆ, ಪೆನ್ಸಿಲಿನಿಂದ ಬರೆದು ಬಿಡಬಹುದು.

ನಿಜವಾದ ಪರೀಕ್ಷೆ ಗುಮ್ಮಟದ್ದು. ಅದು ಎರಡೂ ದಿಕ್ಕಿಗೆ ಬಾಗಿದ ಮೈ, ಕಾಗದ ಒಪ್ಪದ ಆಕಾರ. ಆದ್ದರಿಂದ ಅದನ್ನು ಕಿತ್ತಳೆಯ ತೊಳೆಗಳಂತೆ ಹನ್ನೆರಡು ಎಸಳುಗಳಾಗಿ ಸೀಳಬೇಕಾಗುತ್ತದೆ. ನಮ್ಮ ಅಳತೆಯಲ್ಲಿ ಗುಮ್ಮಟದ ವ್ಯಾಸ 8.8 ಸೆಂಟಿಮೀಟರ್, ಸುತ್ತಳತೆ ಸುಮಾರು 27.6. ಹಾಳೆಯ ಉದ್ದ 29.7 ಆಗಿರುವುದರಿಂದ ಹನ್ನೆರಡು ಎಸಳುಗಳೂ ಬುಡದಲ್ಲಿ ಕೂಡಿಕೊಂಡಂತೆಯೇ ಒಂದೇ ಪಟ್ಟಿಯಲ್ಲಿ ಬರುತ್ತವೆ. ಗುಮ್ಮಟವನ್ನು ಅರ್ಧಗೋಳವೆಂದು ಭಾವಿಸಿದರೆ ಪ್ರತಿ ಎಸಳಿನ ಬುಡ 2.3 ಸೆಂಟಿಮೀಟರ್ ಅಗಲ, ಉದ್ದ 6.9. ಇಲ್ಲಿ ಬುಡದಿಂದ ತುದಿಗೆ ನೇರ ಗೆರೆ ಎಳೆದು ತ್ರಿಕೋನ ಮಾಡಿದರೆ ಕಟ್ಟಿದ ಮೇಲೆ ಸಿಗುವುದು ಚೂಪಾದ ಶಂಕು. ಎಸಳಿನ ಬದಿಗಳು ಉಬ್ಬಿರಬೇಕು: ಉದ್ದದ ಮೂರನೆಯ ಒಂದು ಭಾಗ ಏರಿದಾಗ ಅಗಲ ಇನ್ನೂ 2 ಸೆಂಟಿಮೀಟರ್, ಅರ್ಧ ಏರಿದಾಗ 1.6, ಮೂರನೆಯ ಎರಡು ಭಾಗ ಏರಿದಾಗ 1.15. ಈ ಬಿಂದುಗಳನ್ನು ನಯವಾದ ಗೆರೆಯಿಂದ ಕೂಡಿಸಿ ಕತ್ತರಿಸಿ, ಪ್ರತಿ ಎಸಳನ್ನೂ ಪೆನ್ಸಿಲಿನ ಮೇಲೆ ಉರುಳಿಸಿ ಸ್ವಲ್ಪ ಬಾಗಿಸಿಕೊಂಡು, ಒಳಗಿನಿಂದ ಸಣ್ಣ ಪಟ್ಟಿಗಳಿಂದ ಒಂದೊಂದಾಗಿ ಕೂಡಿಸುತ್ತ ಹೋಗಬೇಕು. ಗುಮ್ಮಟವು ಗೋಡೆಯ ಮೇಲೆ ಕೂರುವಲ್ಲಿ ಉಳಿಯುವ ಒರಟು ಸಂದಿಯನ್ನು ಮುಚ್ಚುವುದಕ್ಕೂ ದಾರಿಯಿದೆ. ಮೂಲ ಕಟ್ಟಡದಲ್ಲಿ ಗುಮ್ಮಟದ ಬುಡವನ್ನು ತಾವರೆಯ ದಳಗಳು ಸುತ್ತುವರಿದಿವೆ. ಅಂಥದೇ ದಳಗಳ ಕಾಗದದ ಪಟ್ಟಿಯೊಂದನ್ನು ಸುತ್ತಿದರೆ ಅಲಂಕಾರವೂ ಆಯಿತು, ಸಂದಿಯೂ ಮರೆಯಾಯಿತು.

ಕೊನೆಯಲ್ಲಿ, ಕತ್ತರಿಸಿದ ಅಂಚುಗಳಲ್ಲಿ ಇಣುಕುವ ಬಿಳಿಯನ್ನು ಗೋಡೆಯ ಬಣ್ಣದ ಪೆನ್ಸಿಲಿನಿಂದ ತಿಕ್ಕಿ ಮರೆಮಾಡಿ. ಇದು ಚಿಕ್ಕ ಕೆಲಸವಾದರೂ ಮಾದರಿಯ ಕಳೆಯೇ ಬದಲಾಗುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಮಾದರಿಯನ್ನು ತೆರೆದಿಡದೆ, ಮುಚ್ಚಳವಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡಬೇಕು. ಎಲ್ಲರೂ ಅದನ್ನು ನೇರ ಬಿಸಿಲು ಬೀಳುವ ಕಿಟಕಿಯಿಂದ ದೂರವಿಡುವುದು ಲೇಸು. ಮುದ್ರಿತ ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ.

ನಮಸ್ಕಾರ.