ಬ್ರೆಡ್ಡಿನ ಕರ್ಜಿಕಾಯಿ, ಅಮ್ಮನ ಅಚ್ಚಿನಲ್ಲಿ

ನಮಸ್ಕಾರ. ಈಗ ನಿಮಗೆ ಕೇಳಿಸುತ್ತಿರುವ ಗಡಗಡ ಸದ್ದು ಒಂದು ತೆಂಗಿನಕಾಯಿಯದು. ಅಮ್ಮ ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾಳೆ. ಒಳಗೆ ನೀರು ಕುಲುಕುವ ಸದ್ದಿಲ್ಲ, ಗಟ್ಟಿ ಉಂಡೆಯೊಂದು ಚಿಪ್ಪಿಗೆ ಬಡಿಯುವ ಸದ್ದಿದೆ. ಕೊಬ್ಬರಿಯಾಗಿದೆ ಎಂದು ಅರ್ಥ.

ತಿಪಟೂರು, ಅರಸೀಕೆರೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸುಲಿಯದೆ ಅಟ್ಟಕ್ಕೆ ಹಾಕಿ 8ರಿಂದ 12 ತಿಂಗಳು ಹಾಗೆಯೇ ಬಿಟ್ಟರೆ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗುತ್ತದೆ. ಇದೇ ಉಂಡೆ ಕೊಬ್ಬರಿ. ಅಮ್ಮನ ತವರಿನಿಂದ ಯಾರಾದರೂ ಮೈಸೂರಿಗೆ ಬಂದರೆ ಚೀಲದಲ್ಲಿ ಹತ್ತು ಕಾಯಿಯಾದರೂ ಬರುತ್ತವೆ. ಕಾಯಿ ಬಂದ ವಾರ ನಮ್ಮ ಮನೆಯಲ್ಲಿ ಕರ್ಜಿಕಾಯಿ ಆಗಲೇಬೇಕು.

ಆದರೆ ಈಗ ಮೂರು ವರ್ಷದಿಂದ ಅಮ್ಮನ ಬೆರಳಿನ ಗಂಟುಗಳು ಬಾತುಕೊಂಡಿವೆ. ಚಿರೋಟಿ ರವೆಯ ಕಣಕವನ್ನು ನಾದಿ, ಕುಟ್ಟಿ, ಮೆತ್ತಗೆ ಮಾಡುವುದು ಅವಳಿಂದ ಆಗುವುದಿಲ್ಲ. ಹೂರಣ ಹುರಿಯುತ್ತಾಳೆ, ಅಚ್ಚಿಗೆ ತುಂಬುತ್ತಾಳೆ, ಎಣ್ಣೆಯ ಮುಂದೆ ನಿಲ್ಲುತ್ತಾಳೆ. ಕಣಕ ಮಾತ್ರ ಬೇಡ ಎನ್ನುತ್ತಾಳೆ. ನಾನು ನಾದಿಕೊಟ್ಟರೆ, "ನಿನಗೆ ಕಚೇರಿಯ ಕೆಲಸವೇ ಬೇಕಾದಷ್ಟಿದೆ, ಬಿಡು" ಎಂದು ಅಡುಗೆಮನೆಯಿಂದ ಎದ್ದುಹೋಗುತ್ತಾಳೆ. ಅವಳನ್ನು ಮತ್ತೆ ಅಚ್ಚಿನ ಮುಂದೆ ಕೂರಿಸಲು ಹುಡುಕಿಕೊಂಡ ದಾರಿ ಇದು: ಕಣಕದ ಬದಲು ಸ್ಯಾಂಡ್‌ವಿಚ್ ಬ್ರೆಡ್.

ಬ್ರೆಡ್ಡಿನಿಂದಲೇ ಶುರು ಮಾಡೋಣ. ನಮ್ಮ ಬೀದಿಯ ಬೇಕರಿಗೆ ಸಂಜೆ ನಾಲ್ಕರ ಹೊತ್ತಿಗೆ ಹೊಸ ಬ್ರೆಡ್ ಬರುತ್ತದೆ. ನಾನು ಅದನ್ನು ಕಾದು ತರುತ್ತೇನೆ. ಈ ತಿಂಡಿಗೆ ಅಂದೇ ಬಂದ ಬ್ರೆಡ್ ಬೇಕು ಎನ್ನುವುದು ನಾಲಿಗೆಯ ಷೋಕಿಯಲ್ಲ, ಅದಕ್ಕೆ ಕಾರಣವಿದೆ. ಹೊಸ ಬ್ರೆಡ್ಡಿನಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರಿನಂಶ ಇರುತ್ತದೆ, ಬೆಂದ ಹಿಟ್ಟು ಇನ್ನೂ ಮೃದುವಾಗಿರುತ್ತದೆ. ಲಟ್ಟಣಿಗೆ ಹಾಯಿಸಿದರೆ ಒಳಗಿನ ಗಾಳಿಯ ಗೂಡುಗಳೆಲ್ಲ ಅಡಗಿ ಬ್ರೆಡ್ ಮತ್ತೆ ಕಣಕದ ಹಾಗೆ ಬಗ್ಗುತ್ತದೆ. ಎರಡು ದಿನ ಕಳೆದರೆ ಅದೇ ಹಿಟ್ಟಿನ ಪಿಷ್ಟ ಬಿಗಿದುಕೊಳ್ಳುತ್ತದೆ. ಮಡಿಸಿದ ಕಡೆ ಒಣ ನೆಲದ ಹಾಗೆ ಬಿರುಕು ಬಿಡುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಉಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ಬೂಷ್ಟು ಬರುವುದು ತಡವಾಗುತ್ತದೆ, ನಿಜ. ಆದರೆ ಬಿಗಿದುಕೊಳ್ಳುವುದು ಫ್ರಿಜ್ಜಿನ ತಂಪಿನಲ್ಲಿ ಇನ್ನೂ ಬೇಗ. ಮನೆಯಲ್ಲಿ ಹಳೆಯ ಬ್ರೆಡ್ ಮಾತ್ರ ಇದ್ದರೆ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ತಟ್ಟೆಯ ಮೇಲೆ ಒಣ ಬಟ್ಟೆ ಹಾಸಿ, ಒಂದೊಂದೇ ಸ್ಲೈಸನ್ನು 10 ಎಣಿಸುವಷ್ಟು ಹೊತ್ತು ಹಬೆಗೆ ಹಿಡಿಯಿರಿ. ಬಿಸಿ ತಾಗಿದ ಕೂಡಲೇ ಅದು ಮೆತ್ತಗಾಗುತ್ತದೆ. ಆದರೆ ಬಿಸಿ ಆರುವ ಮೊದಲೇ ತುಂಬಿ ಮುಚ್ಚಬೇಕು.

ಈಗ ಅಂಚು ಕತ್ತರಿಸುತ್ತಿದ್ದೇನೆ. ಕಂದು ಅಂಚು ಒಂದಿಷ್ಟೂ ಉಳಿಯಬಾರದು, ಅದು ಅಂಟುವುದಿಲ್ಲ. ಕತ್ತರಿಸಿದ ಅಂಚುಗಳನ್ನು ಈ ಬಟ್ಟಲಿಗೆ ಹಾಕಿಡುತ್ತೇನೆ. ನಾಳೆ ಬೆಳಗ್ಗೆ ಸಾಸಿವೆ, ಕರಿಬೇವು, ಈರುಳ್ಳಿ ಒಗ್ಗರಣೆಯಲ್ಲಿ ಬ್ರೆಡ್ ಉಪ್ಪಿಟ್ಟಾಗುತ್ತವೆ.

ಲಟ್ಟಣಿಗೆಯನ್ನು ಗಮನಿಸಿ. ಚಪಾತಿಗೆ ಒತ್ತುವ ಹಾಗೆ ಹಿಂದೆಮುಂದೆ ಎಳೆದರೆ ಬ್ರೆಡ್ ಹರಿಯುತ್ತದೆ. ನಡುವಿನಿಂದ ಹೊರಕ್ಕೆ ಒಮ್ಮೆ, ತಿರುಗಿಸಿ ಮತ್ತೊಮ್ಮೆ. ಅಷ್ಟೇ. ಅಂಚು ನಡುವಿಗಿಂತ ತೆಳುವಾಗಿರಲಿ. ಲಟ್ಟಿಸಿದ ಸ್ಲೈಸುಗಳನ್ನು ಒದ್ದೆ ಬಟ್ಟೆಯ ಕೆಳಗೆ ಮುಚ್ಚಿಡಿ. ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು, ನೀರು ತೊಟ್ಟಿಕ್ಕಬಾರದು.

ಇನ್ನು ಹೂರಣ. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈ ತಿಂಡಿಯ ಸೋಲು ಗೆಲುವು ಇಲ್ಲಿಯೇ ಇದೆ. ಮೊದಲ ಸಲ ಮಾಡಿದಾಗ ನಾನು ಹಸಿ ಕಾಯಿತುರಿ, ಬೆಲ್ಲ ಕಲಸಿ ಕಡುಬಿಗೆ ಮಾಡುವ ಹೂರಣವನ್ನೇ ತುಂಬಿದೆ. ಬಾಯಿಗೆ ಬಹಳ ರುಚಿ. ಆದರೆ ಬ್ರೆಡ್ ಹೀರುವ ವಸ್ತು, ಕಣಕದ ಹಾಗೆ ತಡೆಯುವ ವಸ್ತುವಲ್ಲ. ಐದು ನಿಮಿಷದಲ್ಲಿ ಬೆಲ್ಲದ ನೀರು ಬ್ರೆಡ್ಡಿಗೆ ಇಳಿದು, ತಳ ಒದ್ದೆಯಾಗಿ, ಎಣ್ಣೆಗೆ ಬಿಟ್ಟ ಕೂಡಲೇ ಬಾಯಿ ಬಿಟ್ಟಿತು. ಬಾಣಲೆಯ ತುಂಬ ಕರಿದ ಬೆಲ್ಲ, ಮನೆಯ ತುಂಬ ಹೊಗೆ. ಅಮ್ಮ ಒಲೆ ಆರಿಸಿ, ಕಿಟಕಿ ತೆರೆದು ಹೇಳಿದ್ದು ಒಂದೇ ಮಾತು: "ಕರ್ಜಿಕಾಯಿಗೆ ಒಣ ಹೂರಣ ಯಾಕೆ ಹಾಕುತ್ತೇವೆ ಎಂದು ಯೋಚನೆ ಮಾಡಲಿಲ್ಲವಲ್ಲೇ ನೀನು."

ನಿಜ, ನಾನು ಯೋಚಿಸಿರಲಿಲ್ಲ. ಹಬ್ಬದ ಕರ್ಜಿಕಾಯಿ ಹದಿನೈದು ದಿನ ಡಬ್ಬಿಯಲ್ಲಿ ಕೆಡದೆ ಉಳಿಯುವುದೇ ಒಣ ಕೊಬ್ಬರಿ ಮತ್ತು ಹುರಿಗಡಲೆಯಿಂದ. ಅದೇ ಹೂರಣ ಬ್ರೆಡ್ಡಿಗೂ ಸರಿಹೊಂದುತ್ತದೆ. ಅಳತೆ ಹೇಳುತ್ತೇನೆ, ಇದು 12 ಸ್ಲೈಸಿಗೆ ಸಾಕು. ತುರಿದ ಒಣ ಕೊಬ್ಬರಿ 1 ಬಟ್ಟಲು. ಹುರಿಗಡಲೆ ಕಾಲು ಬಟ್ಟಲಿಗಿಂತ ತುಸು ಹೆಚ್ಚು. ಗಸಗಸೆ 2 ಚಮಚ. ಪುಡಿ ಬೆಲ್ಲ ಅರ್ಧ ಬಟ್ಟಲು, ಏಲಕ್ಕಿ 4. ಇಷ್ಟವಿದ್ದರೆ ಸಣ್ಣಗೆ ಹೆಚ್ಚಿದ ಗೋಡಂಬಿ.

ಇದು ಅಮ್ಮನ ಕೈ. ಬಾಣಲೆ ಬಿಸಿಯಾದ ಮೇಲೆ ಉರಿಯನ್ನು ತೀರಾ ಸಣ್ಣದು ಮಾಡಿ ಗಸಗಸೆ ಹಾಕಿದಳು. ಕಾಳು ಚಟಪಟ ಎನ್ನುವ ಮೊದಲೇ ತೆಗೆದಳು. ಆಮೇಲೆ ಕೊಬ್ಬರಿ. ಬಣ್ಣ ತಿರುಗಬಾರದು, ಬೆಚ್ಚಗಾಗಿ ಪರಿಮಳ ಬಂದರೆ ಸಾಕು; ಹೆಚ್ಚು ಹುರಿದರೆ ಎಣ್ಣೆ ಬಿಟ್ಟುಕೊಂಡು ಮುದ್ದೆಯಾಗುತ್ತದೆ. ಹುರಿಗಡಲೆಯನ್ನು ಬರೀ ಬಿಸಿ ಮಾಡಿ, ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿಕೊಂಡಿದ್ದೇನೆ. ಬೆಲ್ಲ ಬಿಸಿಗೆ ಕರಗಿದಾಗ ಅದನ್ನು ಹಿಡಿದಿಡುವುದು ಈ ಪುಡಿ. ಎಲ್ಲ ಪೂರ್ತಿ ಆರಿದ ಮೇಲಷ್ಟೇ ಬೆಲ್ಲ ಬೆರೆಸಬೇಕು. ಈಗ ಅಮ್ಮ ಒಂದು ಹಿಡಿ ಹೂರಣವನ್ನು ಮುಷ್ಟಿಯಲ್ಲಿ ಒತ್ತಿ ಕೈ ತೆರೆಯುತ್ತಾಳೆ, ನೋಡಿ. ಬೆರಳಿನ ಗುರುತು ಸಮೇತ ಉಂಡೆ ನಿಂತಿದೆ. ಹೆಬ್ಬೆರಳು ತಾಗಿಸಿದ ಕೂಡಲೇ ಪುಡಿಪುಡಿಯಾಗಿ ಉದುರಿತು. ಇದು ಹದ. ಉದುರದೆ ಮುದ್ದೆಯಾಗಿಯೇ ಕುಳಿತರೆ ಇನ್ನೊಂದು ಚಮಚ ಹುರಿಗಡಲೆ ಪುಡಿ ಸೇರಿಸಿ.

ಬೆಲ್ಲದ ಬದಲು ಸಕ್ಕರೆ ಪುಡಿ ಹಾಕಬಹುದೇ? ಹಾಕಬಹುದು, ಕೆಲಸ ಇನ್ನೂ ಸುಲಭ, ಸೋರುವ ಭಯ ಕಡಿಮೆ. ನಾನು ಮಾತ್ರ ಬೆಲ್ಲ ಬಿಡುವುದಿಲ್ಲ. ಬ್ರೆಡ್ಡಿನಲ್ಲಿ ಆಗಲೇ ಸ್ವಲ್ಪ ಸಕ್ಕರೆ ಇರುತ್ತದೆ, ಅದರ ಮೇಲೆ ಮತ್ತೆ ಸಕ್ಕರೆ ಬಿದ್ದರೆ ಬರೀ ಸಿಹಿ ಎನಿಸುತ್ತದೆ, ರುಚಿ ಎನಿಸುವುದಿಲ್ಲ.

ಈಗ ಅಚ್ಚು. ಇದು ಅಮ್ಮನ ಮದುವೆಯಲ್ಲಿ ಅಜ್ಜಿ ಕೊಟ್ಟ ಪಾತ್ರೆಗಳ ಜೊತೆ ಬಂದ ಅಲ್ಯೂಮಿನಿಯಂ ಅಚ್ಚು. ಎರಡು ಅರ್ಧಚಂದ್ರ, ನಡುವೆ ಕೀಲು, ಅಂಚಿನಲ್ಲಿ ಹಲ್ಲು. ಲಟ್ಟಿಸಿದ ಬ್ರೆಡ್ಡನ್ನು ತೆರೆದ ಅಚ್ಚಿನ ಮೇಲೆ ಹಾಸಿ, ಬೆರಳಿನಿಂದ ಎರಡೂ ಗುಳಿಗೆ ಮೆಲ್ಲಗೆ ಒತ್ತುತ್ತಾಳೆ. ಒಂದು ಗುಳಿಗೆ ಒಂದೂವರೆ ಚಮಚ ಹೂರಣ. ಆಸೆಪಟ್ಟು ಎರಡನೆಯ ಗುಳಿಗೂ ತುಂಬಬೇಡಿ. ಇನ್ನೊಂದು ಬಟ್ಟಲಲ್ಲಿ 2 ಚಮಚ ಮೈದಾವನ್ನು ಹಾಲಿನಲ್ಲಿ ಗೋಂದಿನ ಹದಕ್ಕೆ ಕಲಸಿದ್ದೇನೆ. ಬೆರಳ ತುದಿಯಲ್ಲಿ ಅದನ್ನು ಅಂಚಿನ ಸುತ್ತ ಒಮ್ಮೆ ಮಾತ್ರ ಸವರಿ, ಅಚ್ಚು ಮುಚ್ಚಿ ಒತ್ತಬೇಕು.

ಇಲ್ಲಿ ಕ್ಯಾಮೆರಾವನ್ನು ಹತ್ತಿರ ತಂದಿದ್ದೇನೆ, ಏಕೆಂದರೆ ಈ ಒತ್ತುವುದನ್ನು ನಾನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಅಮ್ಮನ ಬೆರಳುಗಳು ಈಗ ಪೂರ್ತಿ ಮಡಿಯುವುದಿಲ್ಲ. ಹಾಗಾಗಿ ಅವಳು ಅಚ್ಚನ್ನು ಎರಡು ಅಂಗೈಗಳ ನಡುವೆ ಇಟ್ಟು, ನಮಸ್ಕಾರ ಮಾಡುವ ಹಾಗೆ ಕೈ ಜೋಡಿಸಿ ಒತ್ತುತ್ತಾಳೆ. ಹೊರಗೆ ಉಳಿದ ಬ್ರೆಡ್ಡಿನ ಮೂಲೆಗಳು ತಾವಾಗಿಯೇ ಹರಿದು ಬೀಳುತ್ತವೆ. ಅಚ್ಚು ತೆರೆದಾಗ ಅಂಚಿನ ಹಲ್ಲುಗಳು ಒಂದೂ ಬಿಡದೆ ಮೂಡಿವೆ. ರವೆಯ ಕಣಕವಾಗಿದ್ದರೆ ಇಷ್ಟು ಬಲ ಸಾಕಾಗುತ್ತಿರಲಿಲ್ಲ.

ಮಗಳು ತನ್ನದೇ ಒಂದು ಸಾಲು ಮಾಡುತ್ತಿದ್ದಾಳೆ: ಬಾಳೆಹಣ್ಣಿನ ಬಿಲ್ಲೆ, ಅದರ ಮೇಲೆ ಚಾಕೊಲೇಟ್ ತುಣುಕು. ಅಚ್ಚು ಬೇಡ, ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ, ಫೋರ್ಕಿನಿಂದ ಅಂಚು ಒತ್ತಿದರೆ ತ್ರಿಕೋನ. "ಅಜ್ಜಿ, ನನ್ನದನ್ನೂ ಎಣ್ಣೆಗೆ ಹಾಕುತ್ತೀರಾ?" ಎಂದು ಕೇಳಿದಳು. ಬಾಳೆಹಣ್ಣಿನಲ್ಲಿ ನೀರು ಹೆಚ್ಚು, ಎಣ್ಣೆಗೆ ಬೇಡ. ಅವುಗಳನ್ನು ತುಪ್ಪ ಸವರಿದ ಕಾವಲಿಯ ಮೇಲೆ, ಸಣ್ಣ ಉರಿಯಲ್ಲಿ, ಎರಡೂ ಬದಿ ಕೆಂಪಗೆ ಮಾಡುತ್ತೇನೆ.

ತುಂಬಿದ ಕರ್ಜಿಕಾಯಿಗಳನ್ನು ತಟ್ಟೆಯಲ್ಲಿ ಹರಡಿ 10 ನಿಮಿಷ ಬಿಡಿ, ಮುಚ್ಚಬೇಡಿ. ಅಂಟಿಸಿದ ಅಂಚು ಒಣಗಿದರೆ ಎಣ್ಣೆಯಲ್ಲಿ ತೆರೆದುಕೊಳ್ಳುವುದಿಲ್ಲ.

ಎಣ್ಣೆಯ ಕಾವು. ಎಲ್ಲರೂ ಹೆದರುವುದು ಬ್ರೆಡ್ ಎಣ್ಣೆ ಕುಡಿಯುತ್ತದೆ ಎಂದು. ಕಾವು ಕಡಿಮೆ ಇದ್ದರೆ ಖಂಡಿತ ಕುಡಿಯುತ್ತದೆ. ಥರ್ಮಾಮೀಟರ್ ಇದ್ದರೆ 180 ಡಿಗ್ರಿ ಸೆಲ್ಸಿಯಸ್ ನೋಡಿ. ಇಲ್ಲದಿದ್ದರೆ ಬ್ರೆಡ್ಡಿನ ಒಂದು ಚೂರು ಹಾಕಿ: ತಳಕ್ಕೆ ಹೋಗಿ ಕುಳಿತರೆ ಕಾವು ಸಾಲದು, ಬಿದ್ದ ತಕ್ಷಣ ಸುತ್ತ ಗುಳ್ಳೆ ಎದ್ದು ತೇಲಿದರೆ ಸರಿ, ಕ್ಷಣದಲ್ಲಿ ಕಪ್ಪಾದರೆ ಉರಿ ತಗ್ಗಿಸಿ. ಒಳಗಿನ ಹೂರಣ ಆಗಲೇ ಹುರಿದದ್ದು, ಬ್ರೆಡ್ ಆಗಲೇ ಬೆಂದದ್ದು. ಇಲ್ಲಿ ಬೇಯಿಸುವ ಕೆಲಸವೇ ಇಲ್ಲ, ಬಣ್ಣ ಬರಿಸಿ ಗರಿಗರಿ ಮಾಡುವುದಷ್ಟೇ. ಒಂದು ಬದಿಗೆ ಅರ್ಧ ನಿಮಿಷ ಸಾಕು. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬಿಡಬೇಡಿ, ಎಣ್ಣೆ ತಣ್ಣಗಾಗುತ್ತದೆ. ಜಾಲರಿಯಲ್ಲಿ ಎತ್ತಿ, ಎಣ್ಣೆ ಬಸಿದು, ತಟ್ಟೆಯ ಅಂಚಿಗೆ ಒರಗಿಸಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ತಮ್ಮದೇ ಹಬೆಗೆ ಮೆತ್ತಗಾಗುತ್ತವೆ.

ಕರಿಯುವುದು ಬೇಡ ಎನ್ನುವವರು ಓವನ್ನಿನಲ್ಲಿ ಮಾಡಿ. 180 ಡಿಗ್ರಿಗೆ ಮೊದಲೇ ಕಾಯಿಸಿಕೊಂಡು, ಮೇಲೆ ಕರಗಿಸಿದ ತುಪ್ಪ ಸವರಿ, 10ರಿಂದ 12 ನಿಮಿಷ. ಇದಕ್ಕೆ ನಾನು ಹೂರಣವನ್ನು ಬದಲಿಸುತ್ತೇನೆ: ಕೊಬ್ಬರಿ, ಸಕ್ಕರೆ, ಟೂಟಿಫ್ರೂಟಿ, ಒಂದಿಷ್ಟು ಗೋಡಂಬಿ. ಬಾಯಿಗಿಟ್ಟರೆ ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ನೆನಪಾಗುತ್ತದೆ. ಅಪ್ಪ ಸಂಬಳದ ದಿನ ತರುತ್ತಿದ್ದ ತ್ರಿಕೋನದ ತುಂಡು, ಪೇಪರಿಗೆ ಅಂಟಿದ ತುಪ್ಪದ ಕಲೆ, ಕಾಯಿಯ ನಡುವೆ ಹುದುಗಿದ್ದ ಕೆಂಪು ಹಸಿರು ಚೂರುಗಳು. ಆ ಚೂರುಗಳು ಪರಂಗಿಕಾಯಿ ಎಂದು ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಬಲಿಯದ ಪರಂಗಿಯನ್ನು ಸಣ್ಣಗೆ ಹೆಚ್ಚಿ, ಬೇಯಿಸಿ, ಬಣ್ಣದ ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸಿದರೆ ಟೂಟಿಫ್ರೂಟಿ. ಮನೆಯಲ್ಲೇ ಮಾಡುವುದನ್ನು ಇನ್ನೊಂದು ದಿನ ತೋರಿಸುತ್ತೇನೆ.

ಒಂದು ಮಾತು ಸ್ಪಷ್ಟವಾಗಿರಲಿ. ಗೌರಿ ಹಬ್ಬದ ನೈವೇದ್ಯಕ್ಕೆ ಅಮ್ಮ ಬ್ರೆಡ್ ಮುಟ್ಟುವುದಿಲ್ಲ. ಅಂದು ಐದು ಕರ್ಜಿಕಾಯಿಗೆ ಆಗುವಷ್ಟು ಕಣಕವನ್ನು ನಾನು ನಾದುತ್ತೇನೆ, ಅವಳು ತುಂಬುತ್ತಾಳೆ. ನೈವೇದ್ಯದ್ದು ಅಷ್ಟೇ. ಉಳಿದವರ ತಟ್ಟೆಗೆ ಇದು.

ಮುರಿಯುವ ಸದ್ದು ಕೇಳಿ. ಹೊರಗಿನ ಪದರ ಟೋಸ್ಟಿನ ಹಾಗೆ, ಒಳಗೆ ಹೂರಣ ಬಿಡಿಬಿಡಿಯಾಗಿದೆ, ಬೆಲ್ಲ ಅಂಚಿನಲ್ಲಿ ಮಾತ್ರ ತುಸು ಕರಗಿದೆ. ರವೆಯ ಕರ್ಜಿಕಾಯಿಯ ಆ ಗಡಸು ಇದರಲ್ಲಿಲ್ಲ. ಅದು ಬೇಕೆನ್ನುವವರಿಗೆ ಇದು ಸ್ವಲ್ಪ ಹಗುರ ಎನಿಸಬಹುದು. ಹಲ್ಲು ಸಡಿಲವಾಗಿರುವ ಹಿರಿಯರಿಗೆ ಇದೇ ಸುಖ ಎಂದು ನನಗೆ ಅನಿಸುತ್ತದೆ. ಅಮ್ಮ ಎರಡು ತಿಂದು ಮೂರನೆಯದಕ್ಕೆ ಕೈ ಹಾಕಿದಳು.

ಇವು ಡಬ್ಬಿಯಲ್ಲಿ ಉಳಿಯುವ ತಿಂಡಿಯಲ್ಲ. ನಾಲ್ಕು ಗಂಟೆಯವರೆಗೆ ಗರಿಗರಿ, ಮರುದಿನ ಮೆತ್ತಗೆ. ಮೆತ್ತಗಾದರೆ ಕಾವಲಿಯ ಮೇಲೆ ಒಣದಾಗಿ ಬಿಸಿ ಮಾಡಿಕೊಳ್ಳಿ. ಹೂರಣ ಮಾತ್ರ ಎರಡು ವಾರ ಡಬ್ಬಿಯಲ್ಲಿ ಇರುತ್ತದೆ. ಅದನ್ನು ಮಾಡಿಟ್ಟುಕೊಂಡರೆ ಸಂಜೆ ಬ್ರೆಡ್ ಬಂದ ಮೇಲೆ ಅರ್ಧ ಗಂಟೆಯ ಕೆಲಸ.

ಒಟ್ಟು 12 ಆಗಿವೆ, ಮಗಳ ತ್ರಿಕೋನಗಳು ಬೇರೆ. ಅಮ್ಮ ಒಂದೊಂದನ್ನೂ ಎತ್ತಿ ನೋಡಿ, ಅಂಚು ಚೆನ್ನಾಗಿ ಮೂಡಿದ ಐದನ್ನು ಬೇರೆ ತಟ್ಟೆಗೆ ಹಾಕಿ ಬಟ್ಟೆ ಮುಚ್ಚಿದಳು. "ಮೇಲಿನ ಮನೆಯ ಆಂಟಿಗೆ ಕೊಟ್ಟು ಬಾ ಪುಟ್ಟಿ, ಬಿಸಿ ಇರುವಾಗಲೇ" ಎಂದಳು. ಮಗಳು ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ನಾನು ಒಲೆ ಒರೆಸಿ, ಅಚ್ಚನ್ನು ತೊಳೆದು ಬಿಸಿಲಿಗಿಡುತ್ತೇನೆ.